‘ಹಯವದನ’ದ ಪದ್ಮಿನಿಗೆ ಚಿತೆಯನ್ನು ಒಟ್ಟುವವರು ಯಾರು?

ಶಹಾಪುರದ ರಂಗಾಸಕ್ತೆ (ಬೆಳಗಾವಿ)

ನಮ್ಮ ಹವ್ಯಾಸಿ ತಂಡವು ಗಿರೀಶ ಕಾರ್ನಾಡರ ‘ಹಯವದನ’ವನ್ನು ಕುಮಾರ ಗಂಧರ್ವ ರಂಗಮಂದಿರದಲ್ಲಿ ಆಡಬೇಕೆಂದು ಎರಡು ತಿಂಗಳಿನಿಂದ ತಾಲೀಮು ನಡೆಸಿದೆ. ಉಳಿದ ದೃಶ್ಯಗಳೆಲ್ಲ ಒಂದು ಹದಕ್ಕೆ ಬಂದಿವೆ, ಆದರೆ ಕೊನೆಯಲ್ಲಿ ಪದ್ಮಿನಿ ಚಿತೆಯೇರುವ ದೃಶ್ಯ ಮಾತ್ರ ಪ್ರತಿಸಲವೂ ಕೈತಪ್ಪುತ್ತಿದೆ. ಹಾಡು, ಮೇಳ, ಕೆಂಪು ಬೆಳಕು ಎಲ್ಲವೂ ಸೇರಿದಾಗ ಅದು ನೋಡಲು ಸುಂದರವಾಗಿಬಿಡುತ್ತದೆ. ಆ ಸೌಂದರ್ಯವೇ ನನಗೆ ಇರಿಸುಮುರಿಸು ತರುತ್ತಿರುವುದರಿಂದ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ನಾಟಕ ಓದದವರಿಗಾಗಿ ಕತೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಧರ್ಮಪುರದಲ್ಲಿ ಬ್ರಾಹ್ಮಣ ಕವಿ ದೇವದತ್ತ ಮತ್ತು ಕಮ್ಮಾರನ ಮಗ ಕಪಿಲ ಜೀವದ ಗೆಳೆಯರು. ದೇವದತ್ತ ವ್ಯಾಪಾರಿಯ ಮಗಳಾದ ಪದ್ಮಿನಿಯನ್ನು ಮದುವೆಯಾಗುತ್ತಾನೆ, ಆದರೆ ಅವಳ ಕಣ್ಣು ಕಪಿಲನ ದೇಹದ ಮೇಲೆ ಹೋಗುತ್ತದೆ. ಉಜ್ಜಯಿನಿಗೆ ಹೊರಟ ದಾರಿಯಲ್ಲಿ ಮೊದಲು ದೇವದತ್ತನೂ ಆಮೇಲೆ ಕಪಿಲನೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ಕಾಳಿ ಪ್ರತ್ಯಕ್ಷಳಾಗಿ ತಲೆಗಳನ್ನು ಮುಂಡಗಳಿಗೆ ಜೋಡಿಸಲು ಹೇಳಿದಾಗ ಪದ್ಮಿನಿ ಅವನ್ನು ಅದಲುಬದಲು ಮಾಡುತ್ತಾಳೆ. ತಲೆಯೇ ಪ್ರಧಾನವೆಂದು ಋಷಿಯೊಬ್ಬ ತೀರ್ಪು ಕೊಟ್ಟಿದ್ದರಿಂದ ಅವಳು ದೇವದತ್ತನ ತಲೆ ಹೊತ್ತವನ ಪಾಲಾಗುತ್ತಾಳೆ. ದಿನ ಕಳೆದಂತೆ ದೇಹಗಳು ತಲೆಯ ಮಾತು ಕೇಳಿ ಮೊದಲಿನಂತಾಗುತ್ತವೆ. ಕೊನೆಗೆ ಕಾಡಿನಲ್ಲಿ ಗೆಳೆಯರಿಬ್ಬರೂ ಹೋರಾಡಿ ಸಾಯುತ್ತಾರೆ, ಪದ್ಮಿನಿ ಮಗುವನ್ನು ಕತೆಯ ನಿರೂಪಕನಾದ ಭಾಗವತನಿಗೆ ಒಪ್ಪಿಸಿ ಸತಿ ಹೋಗುತ್ತಾಳೆ. ನಾಟಕಕ್ಕೆ ಹೆಸರು ಕೊಟ್ಟ ಕುದುರೆಮುಖದ ಹಯವದನನದು ಇದರ ಜೊತೆಗೆ ಬರುವ ಉಪಕತೆ.

ನನ್ನ ಪ್ರಶ್ನೆ ಇಷ್ಟು. ಈ ನಾಟಕದಲ್ಲಿ ಅತ್ಯಂತ ಚುರುಕಾಗಿ ಮಾತನಾಡುವ ಪಾತ್ರ ಪದ್ಮಿನಿಯದು. ಮೊದಲ ಸಲ ಬಾಗಿಲು ತೆರೆದ ಕ್ಷಣದಲ್ಲೇ ಅವಳು ಕಪಿಲನನ್ನು ಮಾತಿನಲ್ಲಿ ಸುಸ್ತು ಮಾಡುತ್ತಾಳೆ, ಇವಳಿಗೆ ಉಕ್ಕಿನಂಥ ಗಂಡಸು ಬೇಕು, ದೇವದತ್ತ ತೀರ ಮೆದು ಎಂದು ಅವನೂ ಆಗಲೇ ಗುರುತಿಸುತ್ತಾನೆ. ಇಷ್ಟು ಮಾತು ಬಲ್ಲ ಹೆಣ್ಣಿಗೆ, ಮದುವೆಯಾಗುವೆಯಾ ಎಂದು ರಂಗದ ಮೇಲೆ ಯಾರೂ ಕೇಳುವುದಿಲ್ಲ. ಕಪಿಲ ಸಂಬಂಧ ಕುದುರಿಸುತ್ತಾನೆ, ಭಾಗವತ ಎರಡು ಮಾತಿನಲ್ಲಿ ಮದುವೆ ಮುಗಿಸುತ್ತಾನೆ. ಕೊನೆಯ ಕಾಳಗದಲ್ಲಿಯೂ ಇದೇ ಆಗುತ್ತದೆ. ಮೂವರೂ ಕೂಡಿ ಬಾಳಬಹುದೇ ಎಂಬ ಪ್ರಶ್ನೆಯೂ ಸಾಧ್ಯವಿಲ್ಲವೆಂಬ ಉತ್ತರವೂ ಗೆಳೆಯರಿಬ್ಬರ ನಡುವೆಯೇ ಮುಗಿದುಹೋಗುತ್ತವೆ. ಅವಳು ಪಕ್ಕದಲ್ಲಿಯೇ ನಿಂತಿರುತ್ತಾಳೆ. ಹೀಗಿರುವಾಗ ಚಿತೆಯ ದೃಶ್ಯವನ್ನು ಅವಳ ಆಯ್ಕೆಯೆಂದು ತೋರಿಸುವುದೇ, ಅಥವಾ ಅವಳಿಗೆ ಉಳಿಸಿದ ಒಂದೇ ಬಾಗಿಲು ಎಂದು ತೋರಿಸುವುದೇ?

ಘಟಪ್ರಭೆಯ ದಂಡೆ (ಗೋಕಾಕ)

ಅಕ್ಕನವರೇ, ನಿಮ್ಮ ಶ್ರದ್ಧೆಯ ಬಗ್ಗೆ ಗೌರವವಿಟ್ಟುಕೊಂಡೇ ಭಿನ್ನಮತ ಹೇಳುತ್ತೇನೆ. ‘ಹಯವದನ’ವು ಪೂರ್ಣತೆಯನ್ನು ಕುರಿತ ನಾಟಕ. ತಲೆ ಮತ್ತು ದೇಹ, ಬುದ್ಧಿ ಮತ್ತು ಬಯಕೆ ಒಂದಾಗಲಾರವು ಎಂಬುದು ಅದರ ವಸ್ತು. ಅದನ್ನು ಹೆಣ್ಣು ಗಂಡಿನ ವ್ಯಾಜ್ಯವಾಗಿ ಓದಿದರೆ ನಾಟಕ ಚಿಕ್ಕದಾಗುತ್ತದೆ.

ಅಲ್ಲದೆ ಪದ್ಮಿನಿ ಮುಗ್ಧೆಯೇನೂ ಅಲ್ಲ. ಗಂಡ ಬೇಡವೆಂದರೂ ಉಜ್ಜಯಿನಿಗೆ ಹೊರಡುವ ಹಟ ಹಿಡಿದವಳು ಅವಳು. ಹೊಸ ಗೊಂಬೆ ತರಲೆಂದು ಗಂಡನನ್ನು ಜಾತ್ರೆಗೆ ಕಳಿಸಿ, ಹಸುಗೂಸನ್ನು ಎತ್ತಿಕೊಂಡು ಕಪಿಲನಿದ್ದ ಕಾಡಿಗೆ ಹೋದವಳೂ ಅವಳೇ. ಸ್ವತಃ ಕಾಳಿಯೇ ಅವಳ ಸ್ವಾರ್ಥವನ್ನು ಆಡಿ ತೋರಿಸುತ್ತಾಳೆ. ಅವಳನ್ನು ಬಲಿಪಶು ಎಂದು ಕರೆದರೆ ಅವಳ ಕೆಲಸಗಳ ಹೊಣೆಯನ್ನು ಅವಳಿಂದ ಕಸಿದುಕೊಂಡಂತೆ ಆಗುವುದಿಲ್ಲವೇ? ಅದು ಸ್ತ್ರೀವಾದಕ್ಕೂ ಶೋಭಿಸುವ ಮಾತಲ್ಲ ಎಂದು ನನ್ನ ಎಣಿಕೆ.

ಸಂಶೋಧನಾ ವಿದ್ಯಾರ್ಥಿನಿ (ವಿಜಯಪುರ)

ಗೋಕಾಕದ ಸರ್ ಎತ್ತಿದ ಕೊನೆಯ ಆಕ್ಷೇಪ ತೂಕದ್ದು. ಪದ್ಮಿನಿ ಬಲಿಪಶುವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿಂದಲೇ ನನ್ನ ವಾದ ಶುರುವಾಗುತ್ತದೆ. ದುರಂತ ನಾಟಕದ ನಾಯಕನಿಗೆ ಒಂದು ದೋಷ ಇರಬೇಕೆಂಬುದು ಹಳೆಯ ಮಾತು. ಗ್ರೀಕ್ ದುರಂತದ ನಾಯಕ ಈಡಿಪಸನ ಹಟ ನಮಗೆ ಅವನ ಘನತೆಯಾಗಿ ಕಾಣುತ್ತದೆ. ಇದೇ ನಾಟಕದ ದೇವದತ್ತ, ಪದ್ಮಿನಿ ಸಿಕ್ಕರೆ ಕಾಳಿಗೆ ತೋಳುಗಳನ್ನೂ ರುದ್ರನಿಗೆ ತಲೆಯನ್ನೂ ಅರ್ಪಿಸುತ್ತೇನೆ ಎಂದು ಹರಕೆ ಹೊತ್ತುಕೊಳ್ಳುತ್ತಾನೆ. ಅದನ್ನು ಕವಿಯ ಪ್ರೇಮ ಎನ್ನುತ್ತೇವೆ. ಕಪಿಲ ನೆನಪುಗಳನ್ನು ಹೂತುಹಾಕಲು ಕಾಡು ಸೇರಿದ್ದನ್ನು ಆಳವಾದ ನೋವು ಎನ್ನುತ್ತೇವೆ. ಪದ್ಮಿನಿಗೆ ತಲೆ ಮತ್ತು ದೇಹ ಎರಡೂ ಬೇಕಾದಾಗ ಮಾತ್ರ ಅದಕ್ಕೆ ಚಂಚಲತೆ ಎಂಬ ಹೆಸರು ಬರುತ್ತದೆ. ಪೂರ್ಣತೆಯನ್ನು ಬಯಸುವುದು ನಾಟಕದ ವಸ್ತು ಎಂದು ತಾವೇ ಹೇಳಿದಿರಿ. ಹಾಗಾದರೆ ಆ ವಸ್ತುವನ್ನು ಎಲ್ಲರಿಗಿಂತ ಗಟ್ಟಿಯಾಗಿ ಬದುಕಿದವಳು ಅವಳು, ನಾಟಕದ ನಿಜವಾದ ದುರಂತ ಪಾತ್ರವೂ ಅವಳೇ ಆಗಬೇಕಲ್ಲವೇ?

ಇನ್ನು ಕಾಳಿಯ ಮಾತು. ಅದನ್ನು ಪೂರ್ತಿ ನೋಡಬೇಕು. ನಿದ್ದೆಗಣ್ಣಿನಲ್ಲಿ ಆಕಳಿಸುತ್ತ ಬರುವ ಆ ದೇವಿ ಗಂಡಸರಿಬ್ಬರನ್ನೂ ಸುಳ್ಳುಗಾರರೆಂದು ತಳ್ಳಿಹಾಕುತ್ತಾಳೆ. ದೇವದತ್ತ ಹರಕೆಯ ಹೆಸರಿನಲ್ಲಿ ಸತ್ತ, ಕಪಿಲ ಸ್ನೇಹದ ಹೆಸರಿನಲ್ಲಿ ಸತ್ತ. ಕಪಿಲನ ಎದೆಯಲ್ಲಿ ಇದ್ದದ್ದಾದರೂ ಏನು? ಪದ್ಮಿನಿಗಾಗಿ ಗೆಳೆಯನನ್ನು ಕೊಂದನೆಂದು ಜನ ಆಡಿಕೊಳ್ಳುತ್ತಾರೆ ಎಂಬ ಭಯ. ಪದ್ಮಿನಿಗೂ ಅದೇ ಭಯವಿದೆ. ಇವಳಿಗಾಗಿ ಇಬ್ಬರೂ ಬಡಿದಾಡಿ ಸತ್ತರೆಂದು ಊರು ತನಗೆ ಯಾವ ಹೆಸರಿಡುತ್ತದೆ ಎಂಬುದನ್ನು ಅವಳು ಆ ರಕ್ತದ ನಡುವೆಯೂ ಲೆಕ್ಕ ಹಾಕುತ್ತಾಳೆ. ಆದರೆ ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಾಳೆ, ತ್ಯಾಗದ ಬಣ್ಣ ಬಳಿಯುವುದಿಲ್ಲ. ಕಾಳಿಗೆ ಮೆಚ್ಚಿಗೆಯಾದದ್ದು ಅದೇ. ಸ್ವಾರ್ಥವೆಂಬ ಮಾತು ಅಲ್ಲಿ ಬೈಗುಳವೋ ಪ್ರಮಾಣಪತ್ರವೋ ಎಂಬುದನ್ನು ನಟಿಯೂ ನಿರ್ದೇಶಕಿಯೂ ತೀರ್ಮಾನಿಸಬೇಕು.

ಮೂಲಗಳ ವಿಷಯವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೋಮದೇವನ ಕಥಾಸರಿತ್ಸಾಗರದ ಬೇತಾಳ ಕತೆಯಲ್ಲಿ ಅದಲುಬದಲಾಗುವ ತಲೆಗಳು ಗಂಡನದು ಮತ್ತು ಹೆಣ್ಣಿನ ಸ್ವಂತ ಅಣ್ಣನದು. ಅಲ್ಲಿ ಬಯಕೆಯ ಪ್ರಶ್ನೆಯೇ ಏಳುವುದಿಲ್ಲ, ಬೇತಾಳನ ಒಗಟಿಗೆ ರಾಜ ಉತ್ತರ ಹೇಳಿದೊಡನೆ ಕತೆ ಮುಗಿಯುತ್ತದೆ, ಚಿತೆಯೂ ಇಲ್ಲ. 1940ರಲ್ಲಿ ಥಾಮಸ್ ಮಾನ್ ಜರ್ಮನ್ ಭಾಷೆಯಲ್ಲಿ ಇದನ್ನು ಕಿರುಕಾದಂಬರಿ ಮಾಡಿದಾಗ ಅಣ್ಣನ ಜಾಗಕ್ಕೆ ಗೆಳೆಯ ಬಂದ, ಕೊನೆಗೆ ಮೂವರ ಚಿತೆಯೂ ಬಂತು. ಕಾರ್ನಾಡರು ಆ ಚಿತೆಯನ್ನು ಉಳಿಸಿಕೊಂಡರು. ಆದರೆ ಸುತ್ತಲೂ ತಮ್ಮದೇ ಆದ ಸಾಕ್ಷಿಗಳನ್ನು ನಿಲ್ಲಿಸಿದರು. ಪದ್ಮಿನಿಯ ಕನಸುಗಳನ್ನು ಇಣುಕಿ ನೋಡಿ ಊರಿನ ಬಾಯಿಯಂತೆ ಒದರುವ ಎರಡು ಗೊಂಬೆಗಳು, ಪ್ರೀತಿ ಒಂದೇ ದೇಹಕ್ಕೆ ಏಕೆ ಅಂಟಿಕೊಂಡಿರಬೇಕು ಎಂದು ಕೇಳುವ ಹೆಂಗಸರ ಹಾಡು, ಎಲ್ಲವನ್ನೂ ನಿರೂಪಿಸುವ ಭಾಗವತ. ಮೂಲದಲ್ಲಿಲ್ಲದ ಇವರನ್ನು ಏಕೆ ತಂದರೆಂದು ಕೇಳಿಕೊಂಡರೆ, ನಾಟಕದ ಒಲವು ಎತ್ತಲಿದೆ ಎಂಬುದು ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ.

ಹೊಂಗಲದ ಮಾಸ್ತರ (ಬೈಲಹೊಂಗಲ)

ಈ ಪ್ರಯೋಗದಲ್ಲಿ ಭಾಗವತನ ಪಾತ್ರ ನನ್ನದು. ತಂಗಿಯವರು ಪ್ರಶ್ನೆಯನ್ನು ತಾಲೀಮಿನಲ್ಲಿ ಕೇಳದೆ ಇಲ್ಲಿ ಕೇಳಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಎದುರಿಗೆ ಕೇಳಿದ್ದರೆ ನನಗೆ ಉತ್ತರ ತೋಚುತ್ತಿರಲಿಲ್ಲ.

ನಾನು ಸಣ್ಣಾಟದಿಂದ, ಅಂದರೆ ನಮ್ಮ ಕಡೆಯ ಜನಪದ ಆಟದಿಂದ ಬಂದವನು. ಹರೆಯದಲ್ಲಿ ‘ಸಂಗ್ಯಾ ಬಾಳ್ಯಾ’ದಲ್ಲಿ ಗಂಗಿಯ ಪಾರ್ಟು ಮಾಡುತ್ತಿದ್ದೆ. ಗಂಡಸರೇ ಸೀರೆ ಉಟ್ಟು ಕುಣಿಯುತ್ತಿದ್ದ ಮೇಳ ನಮ್ಮದು. ಆ ಆಟದ ಕತೆ ನಮ್ಮ ಬೈಲಹೊಂಗಲದ್ದೇ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತದೆ, ಬಾಳ್ಯಾ ಜೊತೆಗಿರುತ್ತಾನೆ, ಮುದುಕಿ ಪಾರಮ್ಮ ನಡುವೆ ಓಡಾಡುತ್ತಾಳೆ, ಕೊನೆಗೆ ಸಂಗ್ಯಾನ ಕೊಲೆಯಾಗುತ್ತದೆ. ಗಂಗಿ ಇಲ್ಲದಿದ್ದರೆ ಕತೆ ಒಂದು ಹೆಜ್ಜೆಯೂ ಮುಂದೆ ಹೋಗದು, ಆದರೆ ಆಟದ ಹೆಸರಿನಲ್ಲಿ ಇರುವವರು ಇಬ್ಬರು ಗಂಡಸರು. ಪದ್ಮಿನಿಯ ನಾಟಕಕ್ಕೆ ಕುದುರೆಮುಖದವನ ಹೆಸರು ಇಟ್ಟಿದ್ದನ್ನು ಮೊದಲ ಸಲ ಓದಿದಾಗ ನನಗೆ ಇದೇ ನೆನಪಾಯಿತು.

ಒಂದು ಸಂಗತಿಯನ್ನು ಸೀರೆ ಉಟ್ಟು ನಿಂತವನಾಗಿಯೇ ಹೇಳಬಲ್ಲೆ. ಬೆಳಗಿನ ಜಾವದ ಹೊತ್ತಿಗೆ ಸಂಗ್ಯಾ ಬಿದ್ದಾಗ ಮುಂದೆ ಕುಳಿತ ಮಂದಿ ಕಣ್ಣೀರು ಹಾಕುತ್ತಿದ್ದರು. ಗೆಳೆಯನಿಗೆ ಎರಡು ಬಗೆದನೆಂದು ಬಾಳ್ಯಾನಿಗೆ ಶಾಪ ಹಾಕುತ್ತಿದ್ದರು. ಗಂಗಿಯಾಗಿ ನಾನು ಮೂಲೆಯಲ್ಲಿ ನಿಂತಿರುತ್ತಿದ್ದೆ. ಇವಳ ಗತಿ ಮುಂದೇನು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಹೆಣ್ಣುಮಕ್ಕಳು ಕುಳಿತ ಕಡೆಯಿಂದ ಮಾತ್ರ ಒಂದು ಬಗೆಯ ಮೌನ ಬರುತ್ತಿತ್ತು, ಅದರ ಅರ್ಥ ಆಗ ನನಗೆ ಆಗಲಿಲ್ಲ, ಈಗಲೂ ಪೂರ್ತಿ ಆಗಿದೆ ಎನ್ನಲಾರೆ. ಮುಂಜಾನೆ ಬಣ್ಣ ತೊಳೆದುಕೊಳ್ಳುವಾಗ ಹಿರಿಯರೊಬ್ಬರು ಬಂದು, ಗಂಗಿಯ ಪಾರ್ಟು ಚಲೋ ಆಯಿತು, ಅಂಥವಳನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ನನಗೇ ಬುದ್ಧಿ ಹೇಳಿ ಹೋಗಿದ್ದರು.

ಗೋಕಾಕದ ಸರ ಅವರಿಗೆ ನನ್ನದು ಇಷ್ಟೇ ಮಾತು: ಹೆಣ್ಣಿನ ಕಡೆಯಿಂದ ನೋಡಿದರೆ ನಾಟಕ ಚಿಕ್ಕದಾಗುತ್ತದೆ ಎಂದಿರಿ. ಗಂಗಿಯ ಜಾಗದಲ್ಲಿ ನಿಂತು ನೋಡಿದ ನನಗೆ ಆಟ ದೊಡ್ಡದಾಗಿಯೇ ಕಂಡಿತ್ತು.

ಪದ್ಮಿನಿಯ ಪಾತ್ರಧಾರಿ (ಬೆಳಗಾವಿ)

ಮಾಸ್ತರರು ಬರೆದದ್ದನ್ನು ಓದಿ ನನಗೂ ಬರೆಯುವ ಧೈರ್ಯ ಬಂದಿದೆ. ನನ್ನ ತೊಡಕು ಚಿತೆಯದಲ್ಲ, ತಲೆ ಜೋಡಿಸುವ ಕ್ಷಣದ್ದು. ಅವಸರದಲ್ಲಿ, ಗಾಬರಿಯಲ್ಲಿ ತಪ್ಪಿತೆಂದು ಆಡಿದರೆ ಪ್ರೇಕ್ಷಕರು ನಗುತ್ತಾರೆ. ಬೇಕೆಂದೇ ಮಾಡಿದಳೆಂದು ಆಡಿದರೆ ಅವಳು ಕಪಟಿಯಾಗುತ್ತಾಳೆ. ನಾಟಕಕಾರರು ಎರಡಕ್ಕೂ ಜಾಗ ಬಿಟ್ಟು ಸುಮ್ಮನಾಗಿದ್ದಾರೆ. ಕಾಳಿ ಮಾತ್ರ, ಪ್ರಾಮಾಣಿಕತೆಗೂ ಒಂದು ಮಿತಿ ಬೇಕು ಎಂಬ ಅರ್ಥದ ಮಾತಾಡಿ ಮಾಯವಾಗುತ್ತಾಳೆ.

ಈಗ ನಾನು ಆ ದೃಶ್ಯವನ್ನು ಕಣ್ಣು ಮುಚ್ಚಿಕೊಂಡು ಆಡುತ್ತಿದ್ದೇನೆ. ಬಾಯಿ ದೇವಿಯನ್ನು ನೆನೆಯುತ್ತಿರುತ್ತದೆ, ಕೈ ತನ್ನ ಕೆಲಸ ಮಾಡುತ್ತಿರುತ್ತದೆ. ಅವಳ ಕೈಗೆ ಗೊತ್ತಿತ್ತು, ಮನಸ್ಸಿಗೆ ಆಮೇಲೆ ಗೊತ್ತಾಯಿತು ಎಂಬಂತೆ. ಇದು ಸರಿಯೇ?

ಶಹಾಪುರದ ರಂಗಾಸಕ್ತೆ (ಬೆಳಗಾವಿ)

ಅದು ಸರಿಯೇ, ಬದಲಿಸಬೇಡ. ತಲೆಯೇ ದೇಹವನ್ನು ಆಳುತ್ತದೆ ಎಂದು ಋಷಿ ಮುಂದೆ ತೀರ್ಪು ಕೊಡುತ್ತಾನಲ್ಲ, ಅದಕ್ಕೆ ನಾಟಕದಲ್ಲಿ ಯಾರೂ ಕೊಡದ ಮರುಮಾತನ್ನು ನಿನ್ನ ಕೈಗಳು ಮೊದಲೇ ಕೊಟ್ಟಂತಾಯಿತು.

ಈ ಸಂದರ್ಭದಲ್ಲಿ ಸವದತ್ತಿಯ ವಿಷಯವನ್ನು ತರಬೇಕೆನಿಸುತ್ತದೆ. ನಮ್ಮ ಭಾಗದ ಪ್ರೇಕ್ಷಕರು ಈ ನಾಟಕವನ್ನು ಯಲ್ಲಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡುತ್ತಾರೆ ಎಂಬುದು ನನ್ನ ಊಹೆ. ಜಮದಗ್ನಿಯ ಹೆಂಡತಿ ರೇಣುಕೆ ಮರಳಿನ ಕೊಡ ಮಾಡಿ, ಹಾವಿನ ಸಿಂಬೆಯ ಮೇಲೆ ಹೊತ್ತು ಹೊಳೆಯಿಂದ ನೀರು ತರುತ್ತಿದ್ದಳು. ನೀರಿನಲ್ಲಿ ಆಡುತ್ತಿದ್ದ ಗಂಧರ್ವನನ್ನು ಒಂದು ಗಳಿಗೆ ನೋಡಿದಳು, ಕೊಡ ನಿಲ್ಲಲಿಲ್ಲ. ಗಂಡನ ಅಪ್ಪಣೆಯಂತೆ ಮಗ ಪರಶುರಾಮ ಅವಳ ತಲೆ ಕಡಿದ. ಕೆಲವು ಜನಪದ ಪಾಠಗಳಲ್ಲಂತೂ, ಮತ್ತೆ ಬದುಕಿಸುವಾಗ ರೇಣುಕೆಯ ತಲೆಯೂ ಮಾತಂಗಿಯ ದೇಹವೂ ಅದಲುಬದಲಾಗಿ ಕೂಡುತ್ತವೆ. ಒಂದು ನೋಟಕ್ಕೆ ಒಂದು ತಲೆ, ಅಲ್ಲಿಯ ಲೆಕ್ಕ ಅದು.

ಪದ್ಮಿನಿಯದೂ ಒಂದು ನೋಟವೇ. ಮುತ್ತೈದೆಯ ಕುಂಕುಮ, ಬೈತಲೆ, ತಾಳಿಗಳನ್ನೆಲ್ಲ ಮೈಮೇಲೆ ಹೊತ್ತಂತೆ ಕಾಣುವ ಹೂವನ್ನು ತರಲು ಕಪಿಲ ಮರ ಹತ್ತುತ್ತಾನೆ, ಅವನ ಬೆನ್ನಿನ ಮೇಲೆ ಅವಳ ಕಣ್ಣು ನಿಲ್ಲುತ್ತದೆ, ಅದನ್ನು ಗಂಡ ನೋಡುತ್ತಾನೆ. ಆದರೆ ಇಲ್ಲಿ ಉರುಳುವುದು ಗಂಡಸರ ತಲೆಗಳು. ಕಾರ್ನಾಡರಿಗೆ ಸವದತ್ತಿಯ ಕತೆ ಮನಸ್ಸಿನಲ್ಲಿತ್ತು ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕಾಣುವುದನ್ನಷ್ಟೇ ಹೇಳುತ್ತಿದ್ದೇನೆ. ತಲೆ ಕಳೆದುಕೊಂಡ ರೇಣುಕೆ ಗುಡ್ಡದ ದೇವಿಯಾದಳು. ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆಸಿಕೊಂಡು, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುವ ಭಾಗ್ಯ ಅವಳಿಗೆ ವರ್ಷವರ್ಷವೂ ಉಂಟು. ತಲೆ ಉಳಿಸಿಕೊಂಡ ಪದ್ಮಿನಿಗೆ ಗುಡಿಯೂ ಇಲ್ಲ, ಹುಣ್ಣಿಮೆಯೂ ಇಲ್ಲ. ಚಿತೆಯ ಮುಂದೆ ಅವಳು ಕಾಳಿಯನ್ನು ಹಂಗಿಸುವುದೂ ಇದಕ್ಕೇ: ಬೇರೆ ಹೆಂಗಸರು ಏಳೇಳು ಜನ್ಮಕ್ಕೂ ಇವನೇ ಗಂಡನಾಗಲಿ ಎಂದು ಬೇಡಿಕೊಳ್ಳಬಹುದು, ನನಗೆ ಆ ಸಮಾಧಾನವನ್ನೂ ನೀನು ಉಳಿಸಲಿಲ್ಲ ಎಂಬ ಅರ್ಥದಲ್ಲಿ ಅವಳು ಮಾತಾಡುತ್ತಾಳೆ. ಸತಿ ಹೋಗುವ ಹೆಣ್ಣಿನ ಬಾಯಲ್ಲಿ ಇಂಥ ವ್ಯಂಗ್ಯವನ್ನು ಇಟ್ಟ ನಾಟಕವನ್ನು ನಾನು ಬೇರೆ ನೋಡಿಲ್ಲ.

ಘಟಪ್ರಭೆಯ ದಂಡೆ (ಗೋಕಾಕ)

ಮಾಸ್ತರರ ಅನುಭವದ ಮುಂದೆ ವಾದ ಹೂಡುವುದು ಕಷ್ಟ, ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ಒಂದು ಪ್ರಶ್ನೆ. ಹಯವದನನ ತಾಯಿಯನ್ನು ನೀವೆಲ್ಲರೂ ಏಕೆ ಮರೆತಿರಿ? ಕರ್ನಾಟಕದ ರಾಜಕುಮಾರಿ ಅವಳು. ರಾಜಕುಮಾರನನ್ನು ಬಿಟ್ಟು ಅವನ ಬಿಳಿ ಕುದುರೆಯನ್ನೇ ವರಿಸುತ್ತಾಳೆ. ಹದಿನೈದು ವರ್ಷಗಳ ಮೇಲೆ ಕುದುರೆ ಶಾಪ ಕಳೆದು ಗಂಧರ್ವನಾಗಿ, ತನ್ನೊಡನೆ ಬಾ ಎಂದು ಕರೆದರೆ, ಮತ್ತೆ ಕುದುರೆಯಾದರಷ್ಟೇ ಬರುತ್ತೇನೆ ಎನ್ನುತ್ತಾಳೆ. ಅವನು ನೀನೇ ಕುದುರೆಯಾಗು ಎಂದು ಶಪಿಸುತ್ತಾನೆ, ಇವಳು ಆನಂದದಿಂದ ಓಡಿಹೋಗುತ್ತಾಳೆ. ಬಯಸಿದ ಹೆಣ್ಣಿಗೆ ನಾಟಕಕಾರರು ಶಿಕ್ಷೆಯನ್ನೇ ಕೊಡುತ್ತಾರೆ ಎನ್ನುವಂತಿಲ್ಲವಲ್ಲ.

ಸಂಶೋಧನಾ ವಿದ್ಯಾರ್ಥಿನಿ (ವಿಜಯಪುರ)

ಸರ್, ಇದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ, ಕೃತಜ್ಞತೆಗಳು. ಆದರೆ ಇದು ನಿಮ್ಮ ವಾದಕ್ಕಿಂತ ನಮ್ಮ ವಾದಕ್ಕೇ ಹೆಚ್ಚು ನೆರವಾಗುತ್ತದೆ. ಆ ರಾಜಕುಮಾರಿ ಮನುಷ್ಯಳಾಗಿರುವುದನ್ನು ಬಿಟ್ಟುಕೊಟ್ಟ ಮೇಲೆ ಅವಳ ಬಯಕೆಗೆ ಬಯಲು ಸಿಕ್ಕಿತು. ಮನುಷ್ಯಳಾಗಿ, ಹೆಂಡತಿಯಾಗಿ, ತಾಯಿಯಾಗಿ ಉಳಿದುಕೊಂಡೇ ಬಯಸಿದವಳಿಗೆ ಚಿತೆ ಸಿಕ್ಕಿತು. ಕನ್ನಡದಲ್ಲಿ ಮೂರನೆಯ ದಾರಿ ತೋರಿಸಿದವಳು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ. ಸಾವ ಕೆಡುವ ಗಂಡರನ್ನು ಒಲೆಯೊಳಗಿಕ್ಕು ಎಂದು ತಾಯಿಗೆ ಹೇಳಿದವಳು ಅವಳು. ಅಲ್ಲಿ ಬೆಂಕಿಗೆ ಹೋಗುವವರು ಗಂಡಂದಿರು. ಆದರೆ ಅಕ್ಕನಿಗೆ ಸಾವಿಲ್ಲದ, ಕೇಡಿಲ್ಲದ ಚೆನ್ನಮಲ್ಲಿಕಾರ್ಜುನ ಇದ್ದ. ಪದ್ಮಿನಿಗೆ ಬೇಕಾದದ್ದು ಸಾಯುವ, ಬೆವರುವ, ಬದಲಾಗುವ ದೇಹವೇ, ಅದಕ್ಕಾಗಿಯೇ ಅವಳ ದುರಂತಕ್ಕೆ ಭಕ್ತಿಯಲ್ಲಿ ಮದ್ದಿಲ್ಲ.

ನವನಗರದ ವಕೀಲ (ಬಾಗಲಕೋಟೆ)

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಸಾಹಿತ್ಯ ನನ್ನ ಕ್ಷೇತ್ರವಲ್ಲ, ಆದರೆ ಸತಿಯ ದೃಶ್ಯದ ಬಗ್ಗೆ ಕಾನೂನಿನ ಕಡೆಯಿಂದ ಒಂದು ಮಾತು ಹೇಳಬಹುದು.

ನಾಟಕ ಪ್ರಕಟವಾದದ್ದು 1971ರಲ್ಲಿ. ಆಗ ಸತಿ ಎಂದರೆ ಬಹುತೇಕ ಓದುಗರಿಗೆ 1829ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ನಿಷೇಧಿಸಿದ ಹಳೆಯ ಪದ್ಧತಿ, ಊರ ಹೊರಗಿನ ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟು ಎತ್ತಿದ ಒಂದು ಕೈ. 1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವರಾಲಾ ಗ್ರಾಮದಲ್ಲಿ 18 ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಸತ್ತ ಮೇಲೆ ಅದು ಹಳೆಯದಾಗಿ ಉಳಿಯಲಿಲ್ಲ. ಆ ವರ್ಷವೇ ಸಂಸತ್ತು ಸತಿ ತಡೆ ಕಾಯ್ದೆಯನ್ನು ತಂದಿತು. ಸತಿಗೆ ಕುಮ್ಮಕ್ಕು ಕೊಟ್ಟವರಿಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಎಂದು ಅದು ಹೇಳುತ್ತದೆ. ವೈಭವೀಕರಣವನ್ನು, ಅಂದರೆ ಮೆರವಣಿಗೆ, ಗುಡಿ ಕಟ್ಟುವುದು, ಹಣ ಕೂಡಿಸುವುದು ಇವನ್ನೆಲ್ಲ ಅಪರಾಧವೆನ್ನುತ್ತದೆ. ಸತಿ ಹೋಗಲು ಯತ್ನಿಸಿದ ಹೆಣ್ಣಿಗೂ ಶಿಕ್ಷೆಯುಂಟು, ಆದರೆ ಅವಳನ್ನು ಅಪರಾಧಿಯೆಂದು ತೀರ್ಮಾನಿಸುವ ಮೊದಲು ಅವಳ ಸುತ್ತಲಿನ ಪರಿಸ್ಥಿತಿಯನ್ನೂ ಮನಸ್ಥಿತಿಯನ್ನೂ ನ್ಯಾಯಾಲಯ ಪರಿಗಣಿಸಬೇಕು. ಆಯ್ಕೆಯೋ ಒತ್ತಾಯವೋ ಎಂದು ಶಹಾಪುರದ ಅಕ್ಕನವರನ್ನು ಕಾಡುತ್ತಿರುವ ಪ್ರಶ್ನೆ ಶಾಸನ ಬರೆದವರನ್ನೂ ಕಾಡಿದೆ ಎಂಬುದು ಅಲ್ಲಿ ಕಾಣುತ್ತದೆ.

ನಿಮ್ಮ ನಾಟಕ ವೈಭವೀಕರಣವಲ್ಲ, ಆ ಹೆದರಿಕೆ ಬೇಡ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಪದ್ಮಿನಿ ಭಾಗವತನಿಗೆ, ನಾವು ಮೂವರಿದ್ದೇವೆ, ದೊಡ್ಡ ಚಿತೆ ಮಾಡು ಎನ್ನುತ್ತಾಳೆ. ಅವನು ಮಾಡುತ್ತಾನೆ. ತಡೆಯುವ ವಾದ ಹೂಡುವುದಿಲ್ಲ. ಇದು ನಿಜವಾದ ಪ್ರಕರಣವಾಗಿದ್ದರೆ ಮೊದಲ ಆರೋಪಿ ನಿಮ್ಮ ಭಾಗವತ. ಮಾಸ್ತರರು ಸಿಟ್ಟಾಗಬಾರದು.

ಹೊಂಗಲದ ಮಾಸ್ತರ (ಬೈಲಹೊಂಗಲ)

ವಕೀಲ ಸಾಹೇಬರೇ, ಸಿಟ್ಟಿಲ್ಲ, ಆದರೆ ನಿದ್ದೆ ಬರಲಿಲ್ಲ.

ರಾತ್ರಿ ಪುಸ್ತಕ ತೆಗೆದು ನನ್ನ ಪಾತ್ರವೊಂದನ್ನೇ ಮೊದಲಿನಿಂದ ಓದಿದೆ. ಕತೆ ಹೇಳುವವನಿಗೆ ಕತೆಯೊಳಗೆ ಕೈಹಾಕುವ ಅಧಿಕಾರವಿಲ್ಲ ಎಂದು ನಾನು ಇಷ್ಟು ದಿನ ನಂಬಿದ್ದೆ. ಅದು ಸುಳ್ಳು. ಹೆದರಿ ಓಡಿಬಂದ ನಟನನ್ನು ಹಿಡಿದು ನಿಲ್ಲಿಸುವವನು ಭಾಗವತ. ಹಯವದನನಿಗೆ ಕಾಳಿಯ ಗುಡಿಯ ದಾರಿ ತೋರಿಸುವವನು ಭಾಗವತ. ಕಾಡಿನಲ್ಲಿ ಕಪಿಲನನ್ನು ಕಂಡು ಮಾತಾಡಿಸಿ ಊರಿನ ಸುದ್ದಿ ಹೇಳುವವನೂ ಭಾಗವತನೇ. ಗಂಡಸರ ಕಷ್ಟದಲ್ಲಿ ಕತೆಯ ಗೆರೆ ದಾಟಿ ಒಳಗೆ ಹೋಗಲು ಅವನಿಗೆ ಕಾಲು ಬರುತ್ತವೆ. ಪದ್ಮಿನಿ ಚಿತೆ ಒಟ್ಟು ಎಂದಾಗ ಮಾತ್ರ ಅವನು ನಿರೂಪಕನಾಗಿಬಿಡುತ್ತಾನೆ. ಆಮೇಲೆ ಪ್ರೇಕ್ಷಕರತ್ತ ತಿರುಗಿ, ಪತಿವ್ರತೆಯರಿಗೆ ಹೆಸರಾದ ದೇಶ ನಮ್ಮದು ಎಂಬಂಥ ಮಾತಾಡಿ, ಇವಳಂತೆ ಸತಿ ಹೋದವಳು ಇನ್ನೊಬ್ಬಳಿಲ್ಲ ಎಂದು ಮುಗಿಸುತ್ತಾನೆ. ಆ ಮಾತನ್ನು ನಾನು ಎರಡು ತಿಂಗಳು ರಾಗವಾಗಿ, ಭಕ್ತಿಯಿಂದ ಹೇಳುತ್ತ ಬಂದಿದ್ದೇನೆ. ದೃಶ್ಯ ಸುಂದರವಾಗುತ್ತಿತ್ತು ಎಂದು ತಂಗಿಯವರು ಬೇಸರಪಟ್ಟದ್ದು ನನ್ನ ರಾಗಕ್ಕೇ ಇರಬೇಕು.

ಶಹಾಪುರದ ರಂಗಾಸಕ್ತೆ (ಬೆಳಗಾವಿ)

ಮಾಸ್ತರರೇ, ರಾಗದಲ್ಲಿ ನನ್ನ ಪಾಲೂ ಇದೆ, ಅಲ್ಲಿ ಹಿಮ್ಮೇಳ ಏರಿಸಲು ಹೇಳಿದವಳು ನಾನೇ.

ಈ ಚರ್ಚೆಯ ನಂತರ ನನಗೆ ತಿಳಿಯಾದದ್ದನ್ನು ಬರೆಯುತ್ತೇನೆ. ನಾನು ಆಯ್ಕೆಯೋ ಒತ್ತಾಯವೋ ಎಂದು ಪದ್ಮಿನಿಯ ಮುಖದಲ್ಲಿ ಉತ್ತರ ಹುಡುಕುತ್ತಿದ್ದೆ. ನೋಡಬೇಕಾದದ್ದು ಅವಳ ಸುತ್ತ ನಿಂತವರ ಕಡೆಗೆ. ಚಿತೆಗೆ ಮೊದಲು ಅವಳು ಆಡುವ ಮಾತುಗಳಲ್ಲಿ ಪತಿಭಕ್ತಿ ಎಲ್ಲಿಯೂ ಇಲ್ಲ. ಅವರು ಹೋರಾಡಿದರು, ಅಪ್ಪಿಕೊಂಡರು, ಸತ್ತರು, ತಾನು ಸುಮ್ಮನೆ ನಿಂತೆ ಎನ್ನುತ್ತಾಳೆ. ಇಬ್ಬರೊಡನೆಯೂ ಬಾಳುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಅವರು ಬದುಕಿರುತ್ತಿದ್ದರೇನೋ, ಆದರೆ ಆ ‘ಹೂಂ’ ತನ್ನ ಬಾಯಿಂದ ಹೊರಡಲಿಲ್ಲ ಎನ್ನುತ್ತಾಳೆ. ಬಾಗಿಲು ತೆರೆದಾಗ ಮಾತಿನ ಮಲ್ಲಿಯಾಗಿದ್ದವಳು ಇಲ್ಲಿಗೆ ಬಂದು ನಿಂತಳು. ನನಗೆ ಇಡೀ ನಾಟಕದ ದುರಂತ ಚಿತೆಯಲ್ಲಿ ಇಲ್ಲ, ಆ ಹೊರಡದ ‘ಹೂಂ’ನಲ್ಲಿ ಇದೆ. ದ್ರೌಪದಿಗೆ ಐವರು ಗಂಡಂದಿರನ್ನು ಒಪ್ಪಿದ ಪರಂಪರೆ, ಪದ್ಮಿನಿಗೆ ಇಬ್ಬರನ್ನು ಕೇಳುವ ನಾಲಗೆ ಕೊಡಲಿಲ್ಲ, ಏಕೆಂದರೆ ಅಲ್ಲಿ ನಿರ್ಧಾರ ಕುಂತಿಯದು ಮತ್ತು ಗಂಡಸರದು, ಇಲ್ಲಿ ಅವಳೇ ಬಾಯಿಬಿಟ್ಟು ಕೇಳಬೇಕಿತ್ತು.

ಅವಳ ಗಟ್ಟಿತನ ಉಳಿದಿರುವುದು ಮಗುವಿನ ವಿಷಯದಲ್ಲಿ. ಕಾಡಿನ ಬೇಡರಿಗೆ ಇದು ಕಪಿಲನ ಮಗ ಎಂದು ಹೇಳಿ ಕೊಡು, ಐದು ವರ್ಷವಾದ ಮೇಲೆ ದೇವದತ್ತನ ತಂದೆ ವಿದ್ಯಾಸಾಗರರ ಮನೆಗೆ ಒಯ್ದು ಇದು ದೇವದತ್ತನ ಮಗ ಎಂದು ಹೇಳು ಎನ್ನುತ್ತಾಳೆ. ತಲೆಗೇ ಕುಲ, ತಲೆಗೇ ಹಕ್ಕು ಎಂದಿದ್ದ ಋಷಿಯ ತೀರ್ಪನ್ನು ಎರಡು ಸುಳ್ಳಿನಿಂದ, ಅಥವಾ ಎರಡು ನಿಜದಿಂದ, ರದ್ದು ಮಾಡಿ ಹೋಗುತ್ತಾಳೆ. ಈ ಮಾತುಗಳನ್ನು ನಾವು ಗೋಳಾಡುವ ದನಿಯಲ್ಲಿ ಆಡಿಸುತ್ತಿದ್ದೆವು. ಇನ್ನು ಮೇಲೆ ಆಸ್ತಿಪತ್ರ ಬರೆಸುವವಳ ದನಿಯಲ್ಲಿ ಬರಲಿ.

ಕೆಂಪು ಬೆಳಕು ತೆಗೆದಿದ್ದೇನೆ. ಹಾಡನ್ನು ಹೆಂಗಸರಷ್ಟೇ ಹಾಡುತ್ತಾರೆ, ಹಿಮ್ಮೇಳವಿಲ್ಲದೆ. ಪತಿವ್ರತೆಯ ಮಾತನ್ನು ಮಾಸ್ತರರು ಹೇಗೆ ಹೇಳುತ್ತಾರೋ ಅವರಿಗೇ ಬಿಟ್ಟಿದ್ದೇನೆ.

ಘಟಪ್ರಭೆಯ ದಂಡೆ (ಗೋಕಾಕ)

ಪ್ರಯೋಗದ ದಿನ ತಿಳಿಸಿರಿ, ಬರುತ್ತೇನೆ. ನಾಟಕದ ವಸ್ತು ಪೂರ್ಣತೆ ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಹೊಂಗಲದ ಮಾಸ್ತರ (ಬೈಲಹೊಂಗಲ)

ನಿನ್ನೆಯ ತಾಲೀಮಿನ ವರದಿ. ಚಿತೆ ಒಟ್ಟುವ ಜಾಗದಲ್ಲಿ ಕಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಕೆಳಗೆ ಇಡಲಿಲ್ಲ. ಯಾರಿಗೂ ಮೊದಲು ಹೇಳಿರಲಿಲ್ಲ, ನನಗೂ ಮೊದಲು ಗೊತ್ತಿರಲಿಲ್ಲ. ಪದ್ಮಿನಿ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಮುಂದೆ ಬಂದು ಕಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಬಿಡಲಿಲ್ಲ ನಾನು, ಎಳೆದಳು. ಹಿಂದೆ ನಿಂತ ಹೆಂಗಸರ ಹಾಡು ಒಂದು ಸಾಲು ತಪ್ಪಿತು. ಪತಿವ್ರತೆಯ ಮಾತಿನ ಹೊತ್ತಿಗೆ ನನಗೆ ಪ್ರೇಕ್ಷಕರ ಕಡೆ ತಿರುಗಲು ಆಗಲಿಲ್ಲ, ಅವಳ ಕಡೆಗೇ ಮುಖ ಮಾಡಿ, ತಗ್ಗಿದ ದನಿಯಲ್ಲಿ, ತಪ್ಪೊಪ್ಪಿಕೊಳ್ಳುವವನಂತೆ ಹೇಳಿದೆ. ತಂಗಿಯವರು ಸರಿ ಎಂದರೋ ತಪ್ಪು ಎಂದರೋ ಇನ್ನೂ ತಿಳಿದಿಲ್ಲ, ದೀಪ ಹಾಕಿದ ಮೇಲೆ ಬಹಳ ಹೊತ್ತು ಅವರು ಮಾತಾಡಲಿಲ್ಲ.

ಜಾಲಿ ಕಟ್ಟಿಗೆಯ ಸಿಬಿರು ಅಂಗೈಯಲ್ಲಿ ಮುರಿದಿದೆ, ಇನ್ನೂ ತೆಗೆಯಲು ಬಂದಿಲ್ಲ. ಶನಿವಾರದ ತಾಲೀಮಿಗೆ ಯಾರಾದರೂ ನುಣ್ಣಗೆ ಕೆತ್ತಿದ ಕಟ್ಟಿಗೆ ತರಬೇಕು. ಅವಳು ಇನ್ನೂ ಜೋರಾಗಿ ಎಳೆಯುವವಳಿದ್ದಾಳೆ.